ನಾಲ್ಕು ತಿಂಗಳ ಪಗಾರ ಬಾಕಿ, ದಾಲ್ ಮಿಲ್ ಸಾಹುಕಾರರು ಇವತ್ತು ನಾಳೆ ಅನ್ನುತ್ತಿದ್ದಾರೆ. ಎಲ್ಲಿಗೆ ಹೋಗಲಿ?

ಕಾಟಾ_ಚೀಟಿ, ಕಲಬುರಗಿ
ಫೆಬ್ರವರಿ 3, 2026

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಕಪನೂರು ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ನಲ್ಲಿ 2019ರ ಮೇ ತಿಂಗಳಿಂದ ಕೆಲಸ ಮಾಡುತ್ತಿದ್ದೆ. ಮಿಲ್ ಹೆಸರು ಬೇಡ. ನನ್ನ ಕೆಲಸ ಕಾಟಾದ ಮೇಲೆ. ಗಾಡಿ ಬಂದರೆ ತೂಕ ಮಾಡಿ ಚೀಟಿ ಬರೆಯಬೇಕು, ಒಳಗೆ ಎಷ್ಟು ಚೀಲ ತೊಗರಿ ಹೋಯಿತು, ಹೊರಗೆ ಎಷ್ಟು ಬೇಳೆ ಬಂತು, ಹೊಟ್ಟು ಎಷ್ಟು, ನುಚ್ಚು ಎಷ್ಟು, ಎಲ್ಲಾ ಬರೆದಿಡಬೇಕು. ಪಗಾರ 16,500. ಅದರಲ್ಲಿ 9,000 ಬ್ಯಾಂಕಿಗೆ, 7,500 ಕೈಯಲ್ಲಿ, ಹಳದಿ ಲಕೋಟೆಯಲ್ಲಿ ಹಾಕಿ ಕೊಡುತ್ತಿದ್ದರು. ಅಪಾಯಿಂಟ್‌ಮೆಂಟ್ ಆರ್ಡರ್ ಅಂತ ಏನೂ ಇಲ್ಲ. ಐಡಿ ಕಾರ್ಡೂ ಇಲ್ಲ.

ಕಳೆದ ಸೆಪ್ಟೆಂಬರ್‌ನಿಂದ ಪಗಾರ ನಿಂತಿತು. ಬ್ಯಾಂಕಿಗೂ ಇಲ್ಲ, ಲಕೋಟೆಯೂ ಇಲ್ಲ. ಕೇಳಿದರೆ ಪಾರ್ಟಿಯಿಂದ ದುಡ್ಡು ಬಂದಿಲ್ಲ, ದೀಪಾವಳಿ ಕಳೆಯಲಿ ಅಂದರು. ದೀಪಾವಳಿ ಆಯಿತು, ಹೊಸ ತೊಗರಿ ಬರಲಿ ಅಂದರು. ಹೊಸ ತೊಗರಿನೂ ಬಂತು. ಜನವರಿ 12ಕ್ಕೆ ನಾನು ಸ್ವಲ್ಪ ಜೋರಾಗಿಯೇ ಕೇಳಿದೆ, ಹೌದು, ತಪ್ಪು ನನ್ನದೂ ಇರಬಹುದು, ಅವತ್ತು ಮನೆಯಲ್ಲಿ ಗ್ಯಾಸ್ ಖಾಲಿಯಾಗಿತ್ತು. ಸಾಹುಕಾರರು 'ನಾಳೆಯಿಂದ ಬರಬೇಡ' ಅಂದುಬಿಟ್ಟರು. ಸಂಕ್ರಾಂತಿಗೆ ಎರಡು ದಿನ ಇತ್ತು.

ಇದು ಸಾಲದು ಅಂತ ಜೂನ್, ಜುಲೈ, ಆಗಸ್ಟ್‌ನಲ್ಲಿ ತಿಂಗಳಿಗೆ 3,000ದಂತೆ 9,000 ಕಡಿದಿದ್ದಾರೆ. ಒಂದು ಲೋಡ್‌ನಲ್ಲಿ ತೂಕ ಕಮ್ಮಿ ಬಂತಂತೆ, ಅದು ನನ್ನ ಲೆಕ್ಕಕ್ಕೆ. ಆ ದಿನ ಕಾಟಾದಲ್ಲಿ ನಾನೇ ಇರಲಿಲ್ಲ.

ಈಗ ಮಿಲ್‌ನ ಲೆಕ್ಕ ನೋಡುವ ಮುನೀಮರು ಹೇಳುತ್ತಿದ್ದಾರೆ, 'ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ, ನನ್ನ ಲೆಕ್ಕ ಚುಕ್ತಾ ಆಗಿದೆ' ಅಂತ ಬರೆದು ಸಹಿ ಮಾಡಿ ಕೊಟ್ಟರೆ 30,000 ಕೊಡಿಸುತ್ತಾರಂತೆ. ಮನೆಯವರು ಬಂದಷ್ಟು ತಗೋ ಅನ್ನುತ್ತಿದ್ದಾರೆ. ಬರೆದು ಕೊಡಲಾ? ಕೋರ್ಟಿಗೆ ಹೋಗಬೇಕಾ? ವಕೀಲರಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.


ಬಿಸಿಲೂರು_ಬಾಬು, ಯಾದಗಿರಿ

ಅಣ್ಣಾ, 30 ಸಾವಿರ ಬರುತ್ತೆ ಅಂದರೆ ತಗೊಂಡು ಬಿಡು. ಕೇಸ್ ಹಾಕಿದರೆ ತಾರೀಖಿನ ಮೇಲೆ ತಾರೀಖು. ನಿನ್ನ ಹೊಸ ಕೆಲಸದ ದಿನಗೂಲಿ ಹೋಗುತ್ತೆ, ಬಸ್ ಚಾರ್ಜ್ ಹೋಗುತ್ತೆ, ಕೊನೆಗೆ ಊರಲ್ಲಿ 'ಇವನು ಕೇಸ್ ಹಾಕೋನು' ಅಂತ ಹೆಸರು ಬೇರೆ. ಗಂಜ್‌ನಲ್ಲಿ, ಅದೇ ಧಾನ್ಯದ ಮಾರ್ಕೆಟ್‌ನಲ್ಲಿ, ಯಾರಾದರೂ ಹಿರಿಯರನ್ನ ಹಿಡಿದು ಕೂತು ಮಾತಾಡು. ನಮ್ಮ ಕಾಕಾ ಹಾಗೇ ಅರ್ಧ ದುಡ್ಡು ತಗೊಂಡರು. ನಮ್ಮ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಬೇಳೆ ತೂಗುವವನಿಗೆ ಏನು ಸಿಕ್ಕಿತು ಹೇಳು.


ಹುಮನಾಬಾದ್_ಅಕ್ಕ

ಬಾಬು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ತಮ್ಮಾ, ಆ ಕಾಗದಕ್ಕೆ ಮಾತ್ರ ಸಹಿ ಹಾಕಬೇಡ. ನನ್ನ ಕಥೆ ಹೇಳುತ್ತೇನೆ ಕೇಳು.

2022ರಲ್ಲಿ ನಾನು ಹುಮನಾಬಾದ್ ಕಡೆ ಒಂದು ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿದ್ದೆ. ನಮ್ಮನ್ನ ತಗೊಂಡಿದ್ದು ಕಂಟ್ರಾಕ್ಟರ್. ಎರಡು ತಿಂಗಳ ಪಗಾರ ಇಟ್ಟುಕೊಂಡು ಅವನು ಫೋನ್ ಸ್ವಿಚ್ ಆಫ್ ಮಾಡಿ ಹೋದ. ನಾವು ಹನ್ನೊಂದು ಜನ ಹೆಂಗಸರು ಗೇಟಿನ ಹತ್ತಿರ ಹೋದರೆ 'ನೀವು ನಮ್ಮವರಲ್ಲಮ್ಮ, ಕಂಟ್ರಾಕ್ಟರ್ ಕಡೆಯವರು' ಅಂದರು. ಮೂರು ಸಲ ಹೋದೆವು, ಮೂರು ಸಲವೂ ಅದೇ ಮಾತು. ನಾವೂ ಹಾಗೇ ಇರಬೇಕು ಅಂತ ನಂಬಿಕೊಂಡು ಬಂದೆವು.

ಆಮೇಲೆ ಬೀದರ್‌ನಲ್ಲಿ ಕಾರ್ಮಿಕ ಇಲಾಖೆ ಆಫೀಸಿಗೆ ಹೋದಾಗ ಅಲ್ಲಿನವರು ಕೇಳಿದ ಮೊದಲ ಪ್ರಶ್ನೆ, 'ನೀವು ಒಳಗೆ ಹೋಗುತ್ತಿದ್ದಿರಿ ಅನ್ನೋದಕ್ಕೆ ಏನಿದೆ?' ನಮಗೆ ಗೇಟ್ ಪಾಸ್ ಕೊಟ್ಟಿದ್ದರು, ಗುಲಾಬಿ ಬಣ್ಣದ್ದು, ಅದರ ಮೇಲೆ ಕಾರ್ಖಾನೆಯ ಹೆಸರು, ಸೀಲು. ಕೆಲಸ ಹೋಯಿತು ಅಂತ ಅರ್ಧ ಜನ ಬಿಸಾಕಿಬಿಟ್ಟಿದ್ದರು. ಒಬ್ಬಳು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹಾಕಿಟ್ಟಿದ್ದಳು, ಸೆರಗಿನಿಂದ ಹಿಟ್ಟು ಒರೆಸಿ ಕೊಟ್ಟಳು. ಒಟ್ಟು ಐದು ಪಾಸ್ ಸಿಕ್ಕವು. ಆ ಐದರ ಮೇಲೆ ಹನ್ನೊಂದು ಜನರ ಅರ್ಜಿ ನಿಂತಿತು.

ಕಂಟ್ರಾಕ್ಟರ್ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಾರ್ಖಾನೆಯೇ ಪಗಾರ ಕೊಡಬೇಕು, ಆಮೇಲೆ ಕಂಟ್ರಾಕ್ಟರ್ ಹತ್ತಿರ ವಸೂಲಿ ಮಾಡಿಕೊಳ್ಳಲಿ ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ನಮಗೆ ಯಾರೂ ಹೇಳಿರಲಿಲ್ಲ ಅಷ್ಟೇ. ನೋಟಿಸ್ ಹೋಯಿತು, ಮೊದಲ ತಾರೀಖಿಗೆ ಯಾರೂ ಬರಲಿಲ್ಲ, ಎರಡನೇದಕ್ಕೆ ಎಚ್‌ಆರ್‌ನವರು ಬಂದರು, ಮೂರನೇದಕ್ಕೆ ದುಡ್ಡು ಬ್ಯಾಂಕಿಗೆ ಬಿತ್ತು. ಐದು ತಿಂಗಳು ಹಿಡಿಯಿತು. ಒಂದು ರೂಪಾಯಿ ಫೀಸ್ ಕೊಟ್ಟಿಲ್ಲ. ಆದರೆ ಬಸ್ ಚಾರ್ಜ್ ಮಾತ್ರ ಬಾಬು ಹೇಳಿದ ಹಾಗೆ ಹೋಯಿತು, ಅದು ಖರೆ.

ಇನ್ನೊಂದು ಮಾತು. ನನ್ನ ಮೈದುನ ಇಂಗ್ಲೆಂಡ್‌ನಲ್ಲಿ ಕೇರ್ ಹೋಮ್ ಒಂದರಲ್ಲಿದ್ದಾನೆ. ಅವನಿಗೂ ಪಗಾರ ಕಡಿದಿದ್ದರು. ಅಲ್ಲಿ ಎಂಪ್ಲಾಯ್‌ಮೆಂಟ್ ಟ್ರಿಬ್ಯುನಲ್ ಅಂತ ಬೇರೆಯೇ ಇದೆಯಂತೆ, ಆದರೆ ಮೂರು ತಿಂಗಳಿಗೆ ಒಂದು ದಿನ ಕಮ್ಮಿ ಇರುವಾಗಲೇ ಶುರು ಮಾಡಬೇಕು, ಅದಕ್ಕೂ ಮೊದಲು ಆಕಾಸ್ ಅನ್ನೋ ಸಂಸ್ಥೆಗೆ ತಿಳಿಸಿ ರಾಜಿಗೆ ನೋಡಬೇಕು. ಇವನು 'ಮ್ಯಾನೇಜರ್ ಒಳ್ಳೆಯವರು, ಕೊಡುತ್ತಾರೆ' ಅಂತ ಕಾದು ಕೂತು ಆ ದಿನ ದಾಟಿಸಿಕೊಂಡ. ಇಲ್ಲಿ ಅಷ್ಟು ಬಿಗಿ ಇಲ್ಲ, ಆದರೂ ನೀನು ದೀಪಾವಳಿ, ಹೊಸ ತೊಗರಿ ಅಂತ ಕಾದಿದ್ದು ಸಾಕು.


ಕರಿಕೋಟು, ಕಲಬುರಗಿ

ನಾನು ಇಲ್ಲಿ ಒಬ್ಬ ವಕೀಲರ ಕೈಕೆಳಗೆ ಕೆಲಸ ಮಾಡುತ್ತೇನೆ, ಕಾರ್ಮಿಕರ ಕೇಸ್ ಜಾಸ್ತಿ ಬರುತ್ತವೆ. ನಿಮ್ಮ ಪೋಸ್ಟ್‌ನಲ್ಲಿ ಒಂದಲ್ಲ, ನಾಲ್ಕು ವಿಷಯ ಇವೆ. ಎಲ್ಲಾ ಸೇರಿಸಿ 'ನನಗೆ ಅನ್ಯಾಯ ಆಗಿದೆ' ಅಂತ ಒಂದೇ ಅರ್ಜಿ ಬರೆದರೆ ಅದು ಫೈಲ್‌ನಲ್ಲೇ ಮಲಗುತ್ತದೆ. ಬಿಡಿಸಿ ಹೇಳುತ್ತೇನೆ.

ಮೊದಲು ಪಗಾರ. ಹೊಸ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸದಿಂದ ತೆಗೆದರೂ, ನೀವೇ ಬಿಟ್ಟರೂ, ಎರಡು ಕೆಲಸದ ದಿನಗಳಲ್ಲಿ ಬಾಕಿ ಪಗಾರ ಚುಕ್ತಾ ಮಾಡಬೇಕು. ನಿಮ್ಮದು ಜನವರಿ 12 ಅಂದರೆ 14ಕ್ಕೇ ಮುಗಿಯಬೇಕಿತ್ತು. ಕ್ಲೇಮ್ ಹಾಕಲು ಹಳೆ ವೇತನ ಪಾವತಿ ಕಾಯ್ದೆಯಲ್ಲಿ 12 ತಿಂಗಳು ಇತ್ತು, ಹೊಸದರಲ್ಲಿ ಮೂರು ವರ್ಷ. ನಿಮ್ಮ ಸೆಪ್ಟೆಂಬರ್, ಅಕ್ಟೋಬರ್ ಹಳೆ ಕಾಯ್ದೆಯ ಕಾಲಕ್ಕೆ ಬರುತ್ತವೆ, ಜೂನ್‌ನ ಕಡಿತವೂ ಅಷ್ಟೇ. ಯಾವುದು ಅನ್ವಯ ಅಂತ ವಾದ ಮಾಡುವ ಬದಲು ಈ ಮೇ ಒಳಗೆ ಹಾಕಿಬಿಡಿ, ಎರಡರಲ್ಲೂ ಕೂರುತ್ತದೆ. ಅಧಿಕಾರಿಗೆ ಬಾಕಿಯ ಜೊತೆ ಹತ್ತು ಪಟ್ಟಿನವರೆಗೆ ಪರಿಹಾರ ಹಾಕುವ ಅಧಿಕಾರ ಇದೆ. 'ವರೆಗೆ' ಅನ್ನೋದನ್ನ ಎರಡು ಸಲ ಓದಿಕೊಳ್ಳಿ, ಯಾಕಂದರೆ ಬರುವವರೆಲ್ಲಾ 66 ಸಾವಿರಕ್ಕೆ 6 ಲಕ್ಷ 60 ಸಾವಿರ ಬರುತ್ತೆ ಅಂತ ಮನೆಯಲ್ಲಿ ಹೇಳಿ ಬಂದಿರುತ್ತಾರೆ. ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಅದನ್ನೇ ನೆಚ್ಚಿಕೊಂಡು ಸಾಲ ಮಾಡಬೇಡಿ.

ನಿಮ್ಮನ್ನ ಕಾಗದದಲ್ಲಿ ಸೂಪರ್‌ವೈಸರ್ ಅಂತ ತೋರಿಸಿದ್ದರೂ ಪಗಾರದ ಕ್ಲೇಮ್‌ಗೆ ತೊಂದರೆ ಇಲ್ಲ, ಹೊಸ ಸಂಹಿತೆಯಲ್ಲಿ ಮ್ಯಾನೇಜರ್ ಕೂಡ ಬರುತ್ತಾರೆ.

ಎರಡನೇದು ಆ 9,000. ಮಾಲು ಹೋಯಿತು ಅಂತ ಪಗಾರ ಕಡಿಯಬೇಕಾದರೆ ಆ ಮಾಲು ನಿಮ್ಮ ವಶಕ್ಕೆ ಕೊಟ್ಟಿರಬೇಕು, ನಿಮ್ಮ ಬೇಜವಾಬ್ದಾರಿಯಿಂದಲೇ ಹೋಗಿರಬೇಕು, ಕಡಿಯುವ ಮುಂಚೆ ನಿಮ್ಮ ಮಾತು ಕೇಳಿರಬೇಕು. ನಿಮಗೆ ನೋಟಿಸ್ ಏನಾದರೂ ಕೊಟ್ಟಿದ್ದರಾ? ಅಡ್ವಾನ್ಸ್ ತಗೊಂಡಿದ್ದೀರಾ? ತಗೊಂಡಿದ್ದರೆ ಮುಚ್ಚಿಡಬೇಡಿ, ಅದನ್ನ ಅವರು ಕಡಿಯಬಹುದು. ನೀವೇ ಅರ್ಜಿಯಲ್ಲಿ ಬರೆದರೆ ಉಳಿದ ಮಾತಿಗೂ ಬೆಲೆ ಬರುತ್ತದೆ.

ಮೂರನೇದನ್ನ ನೀವು ಬರೆದೇ ಇಲ್ಲ, ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರು ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು! ಅದಕ್ಕೆ ಬೇಕಾದ ಐದು ವರ್ಷ ನಿಮ್ಮದು ದಾಟಿದೆ. 2019ರ ಮೇ ಇಂದ 2026ರ ಜನವರಿ ಅಂದರೆ 6 ವರ್ಷ 8 ತಿಂಗಳು, ಆರು ತಿಂಗಳ ಮೇಲಾದರೆ ಒಂದು ವರ್ಷ ಅಂತ ಲೆಕ್ಕ, ಹಾಗಾಗಿ 7 ವರ್ಷ. ಕೊನೆಯ ಪಗಾರಕ್ಕೆ 15 ಗುಣಿಸಿ 26ರಿಂದ ಭಾಗಿಸಿ. 16,500ಕ್ಕೆ 9,519 ಚಿಲ್ಲರೆ ಬರುತ್ತದೆ. ಏಳು ವರ್ಷಕ್ಕೆ ಹತ್ತಿರ ಹತ್ತಿರ 66,635. ನಿಮ್ಮ ನಾಲ್ಕು ತಿಂಗಳ ಪಗಾರಕ್ಕಿಂತ ಒಂದು ಮುಷ್ಟಿ ಜಾಸ್ತಿ. ಮುನೀಮರು 30,000ಕ್ಕೆ 'ಲೆಕ್ಕ ಚುಕ್ತಾ' ಅಂತ ಬರೆಸಿಕೊಳ್ಳಲು ಯಾಕೆ ಅವಸರ ಮಾಡುತ್ತಿದ್ದಾರೆ ಅಂತ ಈಗ ಗೊತ್ತಾಯಿತಲ್ವಾ? ಗ್ರಾಚ್ಯುಟಿ ನೀವಾಗಿ ಕೆಲಸ ಬಿಟ್ಟರೂ ಬರುತ್ತದೆ. ಮೊದಲು ಸಾಹುಕಾರರಿಗೇ ಅರ್ಜಿ ಕೊಡಿ. 30 ದಿನದೊಳಗೆ ಕೊಡಬೇಕು, ತಪ್ಪಿದರೆ ಬಡ್ಡಿ ಸೇರುತ್ತದೆ, ಈವರೆಗೆ ವರ್ಷಕ್ಕೆ ಶೇ 10ರಂತೆ ಹಾಕುತ್ತಾ ಬಂದಿದ್ದಾರೆ. ಕೊಡದಿದ್ದರೆ ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ ಬೇರೆ ಅರ್ಜಿ. ಆರ್ಡರ್ ಆದ ಮೇಲೆ ಅಪೀಲ್ ಹೋಗಬೇಕಾದರೆ ಅವರು ಮೊದಲು ಪೂರ್ತಿ ದುಡ್ಡು ಕಟ್ಟಬೇಕು. ಸುಮ್ನೆ ಎಳೆಯಲು ಅಪೀಲ್ ಹಾಕೋರಿಗೆ ಇದೊಂದು ಬೇಲಿ.

ನಾಲ್ಕನೇದು ನಿಮ್ಮನ್ನ ತೆಗೆದದ್ದು. ಅದರ ದಾರಿಯೇ ಬೇರೆ. ಮೊದಲು ಕಾರ್ಮಿಕ ಇಲಾಖೆಯಲ್ಲಿ ರಾಜಿ ಮಾತುಕತೆಗೆ ಅರ್ಜಿ, ಅಲ್ಲಿ 45 ದಿನದಲ್ಲಿ ಮುಗಿಯದಿದ್ದರೆ ಮುಂದಕ್ಕೆ. ನಮ್ಮ ಕಲಬುರಗಿಯಲ್ಲೇ ಲೇಬರ್ ಕೋರ್ಟ್ ಇದೆ, ಬೆಂಗಳೂರಿಗೆ ಓಡುವ ಕೆಲಸ ಇಲ್ಲ. ಆದರೆ 'ಸ್ವಂತ ಕಾರಣದಿಂದ ಬಿಡುತ್ತಿದ್ದೇನೆ' ಅಂತ ಒಂದು ಸಾಲು ಬರೆದುಕೊಟ್ಟರೆ ಈ ಬಾಗಿಲು ಅಲ್ಲಿಗೆ ಮುಚ್ಚಿತು.

ವಕೀಲರು ಬೇಕೇ ಬೇಕು ಅಂತೇನಿಲ್ಲ, ಪಗಾರದ ಕ್ಲೇಮ್ ನೀವೇ ಹಾಕಬಹುದು, ಯೂನಿಯನ್ ಇದ್ದರೆ ಅವರೂ ಹಾಕಬಹುದು. ಬೇಕು ಅನ್ನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕಾರ್ಖಾನೆ ಕಾರ್ಮಿಕರಿಗೆ, ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಅಲ್ಲಿ ವಕೀಲರನ್ನ ಪುಕ್ಕಟೆ ಕೊಡುತ್ತಾರೆ. ಫೋನ್ 15100.


ಕಾಟಾ_ಚೀಟಿ

ಸರ್, ಗ್ರಾಚ್ಯುಟಿ ಅಂದರೆ ಸರ್ಕಾರಿ ನೌಕರರಿಗೆ ಮಾತ್ರ ಅಂತ ತಿಳಿದಿದ್ದೆ. ಓದಿ ಐದು ನಿಮಿಷ ಸುಮ್ಮನೆ ಕೂತೆ.

ಹೌದು, ಅಡ್ವಾನ್ಸ್ ಇದೆ. ತಂಗಿ ಮದುವೆಗೆ 20,000 ತಗೊಂಡಿದ್ದೆ, 8,000 ತೀರಿಸೋದು ಬಾಕಿ. ನೋಟಿಸ್ ಕೊಟ್ಟಿಲ್ಲ. ತೂಕದ ವಿಷಯದಲ್ಲಿ ಮುನೀಮರು ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿದ್ದರು, ಇನ್ನೂ ಇದೆ. 'ಈ ತಿಂಗಳು ನಿನ್ನ 16500ರಲ್ಲಿ 3000 ಕಟ್, ಸಾಹುಕಾರರು ಹೇಳಿದ್ದಾರೆ.' ಅಷ್ಟೇ.

ನನ್ನ ಹೆದರಿಕೆ ಏನಂದರೆ ಅವರು ಪಗಾರ 9,000 ಮಾತ್ರ ಅನ್ನುತ್ತಾರೆ. ಬ್ಯಾಂಕ್‌ನಲ್ಲಿ ಅಷ್ಟೇ ಇದೆ. ಲಕೋಟೆ ದುಡ್ಡಿಗೆ ಪುರಾವೆ ಎಲ್ಲಿಂದ ತರಲಿ?


ಕರಿಕೋಟು, ಕಲಬುರಗಿ

ಪುರಾವೆ ಕೈಯಲ್ಲಿ ಹಿಡಿದುಕೊಂಡು ಪುರಾವೆ ಎಲ್ಲಿ ಅನ್ನುತ್ತಿದ್ದೀರಲ್ಲ. ಆ ಮೆಸೇಜ್ ಒಂದೇ ಸಾಲು, ಆದರೆ ಪಗಾರ 16,500 ಅಂತಲೂ ಹೇಳುತ್ತದೆ, 3,000 ಕಡಿದರು ಅಂತಲೂ ಹೇಳುತ್ತದೆ, ಯಾರು ಹೇಳಿ ಕಡಿದರು ಅಂತಲೂ ಹೇಳುತ್ತದೆ. ಫೋನ್ ಬದಲಾಯಿಸಬೇಡಿ, ಚಾಟ್ ಡಿಲೀಟ್ ಮಾಡಬೇಡಿ, ಮಗುವಿನ ಕೈಗೆ ಕೊಡಬೇಡಿ. ನಂಬರ್ ಮತ್ತು ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರಿಗೂ ಕಳಿಸಿಡಿ.

9,000 ಅಂದರೆ ಅನ್ನಲಿ ಬಿಡಿ. ದಾಲ್ ಮಿಲ್‌ಗೆ ರಾಜ್ಯ ಸರ್ಕಾರ ಕನಿಷ್ಠ ವೇತನ ನಿಗದಿ ಮಾಡಿದೆ, ಅದು 9,000ಕ್ಕಿಂತ ಜಾಸ್ತಿನೇ ಇದೆ. ಪೂರ್ತಿ ತಿಂಗಳು ಕೆಲಸ ಮಾಡಿಸಿ 9,000 ಮಾತ್ರ ಕೊಟ್ಟೆ ಅಂತ ಸಾಹುಕಾರರು ಬರೆದುಕೊಟ್ಟರೆ, ಕನಿಷ್ಠ ವೇತನ ಕೊಟ್ಟಿಲ್ಲ ಅಂತ ತಮ್ಮ ಕೈಯಾರೆ ಒಪ್ಪಿಕೊಂಡ ಹಾಗೆ. ಆ ಕಡೆ ಹೋದರೂ ಗುಂಡಿ, ಈ ಕಡೆ ಬಂದರೂ ಗುಂಡಿ. ಪಗಾರ ಕೊಟ್ಟಿದ್ದೇನೆ ಅಂತ ತೋರಿಸುವ ಭಾರವೂ ಮಾಲೀಕರದ್ದೇ, ಕೊಟ್ಟಿಲ್ಲ ಅಂತ ತೋರಿಸುವುದು ನಿಮ್ಮ ಕೆಲಸ ಅಲ್ಲ.


ಲೆಕ್ಕದ_ಪುಸ್ತಕ, ಕಲಬುರಗಿ

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನಾನು ಆ ಕಡೆಯದೂ ಹೇಳುತ್ತೇನೆ. ನಾನು ನಾಲ್ಕೈದು ಮಿಲ್‌ಗಳ ಲೆಕ್ಕ ಬರೆಯುವವನು. ಬೈಯುವ ಮುಂಚೆ ಪೂರ್ತಿ ಓದಿ.

ಮಿಲ್‌ನವರ ಕಷ್ಟ ಸುಳ್ಳಲ್ಲ. ಬೇಳೆ ಹೋಗಿ ತಿಂಗಳುಗಟ್ಟಲೆ ಪೇಮೆಂಟ್ ಬರುವುದಿಲ್ಲ. ಆದರೆ ಬ್ಯಾಂಕ್ ಬಡ್ಡಿ ಕಟ್ಟುತ್ತಾರೆ, ಕರೆಂಟ್ ಬಿಲ್ ಕಟ್ಟುತ್ತಾರೆ, ಯಾಕಂದರೆ ಕಟ್ಟದಿದ್ದರೆ ಮಿಲ್ ನಿಲ್ಲುತ್ತದೆ. ಕಾಟಾದವನ ಪಗಾರ ಕೊಡದಿದ್ದರೆ ಏನೂ ನಿಲ್ಲುವುದಿಲ್ಲ, ಅದಕ್ಕೇ ಅದು ಕೊನೆಗೆ. ಇದು ನಾನು ಒಪ್ಪುವ ಮಾತಲ್ಲ, ನಡೆಯುವ ಮಾತು.

ಈಗ ಗ್ರಾಚ್ಯುಟಿಗೆ ಬರೋಣ. ಕರಿಕೋಟು ಅವರು 66,635 ಅಂತ ಹೇಳಿಬಿಟ್ಟರು. ಅವರ ಲೆಕ್ಕ ಸರಿ. ಆದರೆ ಮಿಲ್ ಕಡೆಯ ವಕೀಲರು ಏಳುವ ಮೊದಲ ಮಾತು 'ನಮ್ಮದು ಸೀಸನ್ ಮಿಲ್' ಅನ್ನೋದು. ಸೀಸನ್ ಕೆಲಸದ ಜಾಗದಲ್ಲಿ ವರ್ಷಪೂರ್ತಿ ಕೆಲಸ ಮಾಡದವನಿಗೆ ಸೀಸನ್‌ಗೆ 15 ದಿನ ಅಲ್ಲ, 7 ದಿನದ ಪಗಾರ ಮಾತ್ರ. ಹಳೆ ಕಾಯ್ದೆಯಲ್ಲೂ ಹಾಗೆ, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಾಗೆ. ಆ ಲೆಕ್ಕ ಹಾಕಿದರೆ 31,096 ಆಗುತ್ತದೆ. ಮೂವತ್ತೈದು ಸಾವಿರ ಚಿಲ್ಲರೆ ವ್ಯತ್ಯಾಸ, ಒಂದೇ ಒಂದು ಪ್ರಶ್ನೆ ಮೇಲೆ. ತಮ್ಮಾ, ನೀನು ಮಳೆಗಾಲದಲ್ಲಿ ಮಿಲ್‌ನಲ್ಲಿದ್ದೆಯಾ?

ಇದ್ದೆ ಅಂದರೆ ಸಾಲದು. ಹಾಜರಿ ಪುಸ್ತಕ ಅವರ ಹತ್ತಿರ ಇರುತ್ತದೆ, ಅದರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಖಾಲಿ ಬಿಟ್ಟು ತೋರಿಸಿದರೆ ಏನು ಮಾಡುತ್ತೀಯ? ನಾನು ಇಂಥ ಪುಸ್ತಕ ನೋಡಿದ್ದೇನೆ. ಒಂದೇ ಪೆನ್ನು, ಒಂದೇ ಕೈ, ಹನ್ನೆರಡು ತಿಂಗಳ ಸಹಿ ಒಂದೇ ಮಧ್ಯಾಹ್ನ ಕೂತು ಹಾಕಿದ್ದು. ಹಾಗಾಗಿ ಆ ತಿಂಗಳುಗಳದ್ದು ಏನಾದರೂ ಹುಡುಕು. ಬ್ಯಾಂಕಿಗೆ ಬಿದ್ದ 9,000ಗಳಲ್ಲಿ ಜುಲೈ, ಆಗಸ್ಟ್ ಇದೆಯಾ ನೋಡು. ಮಿಲ್‌ನ ಕಾಗದ ಮಾತ್ರ ಮುಟ್ಟಬೇಡ, ಒಳಗಿಂದ ಪುಸ್ತಕ ಒಯ್ದ ಅಂತ ತಿರುಗಿ ನಿನ್ನ ಮೇಲೇ ಕಂಪ್ಲೇಂಟ್ ಕೊಡುತ್ತಾರೆ.


ಶಹಾಬಾದ್_ಪರ್ಸಿ

ಪಿಎಫ್ ಯಾರೂ ಕೇಳಲಿಲ್ಲವಲ್ಲ! ಪಗಾರದಲ್ಲಿ ಪಿಎಫ್ ಅಂತ ಕಡಿಯುತ್ತಿದ್ದರಾ? ಹಾಗಿದ್ದರೆ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿ. ನಮ್ಮ ಕಲ್ಲು ಪಾಲಿಶ್ ಯೂನಿಟ್‌ನಲ್ಲಿ ಎರಡು ವರ್ಷ ಕಡಿದರು, ಕಟ್ಟಿದ್ದು ಏಳು ತಿಂಗಳು. ಕಡಿದು ಕಟ್ಟದಿದ್ದರೆ ಅದು ಬರೀ ಬಾಕಿ ಅಲ್ಲ, ನಂಬಿಕೆ ದ್ರೋಹದ ಕ್ರಿಮಿನಲ್ ಕೇಸ್ ಆಗುತ್ತದೆ. ಪಿಎಫ್ ಆಫೀಸ್ ಕಲಬುರಗಿಯಲ್ಲೇ ಇದೆ. ಆ ದೂರನ್ನ ಲೇಬರ್ ಆಫೀಸ್‌ಗೆ ಕೊಟ್ಟರೆ ಅವರು ಅಲ್ಲಿಗೆ ಹೋಗಿ ಅನ್ನುತ್ತಾರೆ, ನಾನು ಒಂದು ದಿನ ಹಾಗೇ ಕಳೆದೆ.

ಬೋನಸ್ ಕೂಡ ಕೇಳಿ. ಪಗಾರ 21,000ದ ಒಳಗೆ ಇದ್ದರೆ ಶೇ 8.33 ಕೊಡಲೇಬೇಕು. ದೀಪಾವಳಿಗೆ ಒಂದು ಕೆಜಿ ಮಿಠಾಯಿ ಡಬ್ಬಿ ಕೊಟ್ಟರೆ ಅದು ಬೋನಸ್ ಅಲ್ಲ.


ಹುಮನಾಬಾದ್_ಅಕ್ಕ

ಪರ್ಸಿ ಅಣ್ಣಾ, ನಮಗೆ ಆ ಡಬ್ಬಿನೂ ಇರಲಿಲ್ಲ.

ತಮ್ಮಾ, ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ಯಿ. ಒಂದರ ಮೇಲೆ ಆಫೀಸಿನ ಸೀಲು, ತಾರೀಖು ಹಾಕಿಸಿಕೋ. 'ಇಟ್ಟು ಹೋಗಿ, ನೋಡುತ್ತೇವೆ' ಅಂದರೆ ಹೋಗಬೇಡ, ಅಲ್ಲೇ ನಿಲ್ಲು. ಸಾಹುಕಾರರಿಗೆ ಕಳಿಸುವುದನ್ನ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ ರಸೀದಿ ಇಟ್ಟುಕೋ, ಮೊದಲಿನ ರಿಜಿಸ್ಟರ್ ಪೋಸ್ಟ್ ಈಗ ಅದರಲ್ಲೇ ಸೇರಿದೆ. ಆ ರಸೀದಿಯ ಅಕ್ಷರ ಬಿಸಿಲಿಗೆ ಅಳಿಸಿ ಹೋಗುತ್ತೆ, ಅವತ್ತೇ ಝೆರಾಕ್ಸ್ ಮಾಡಿಸು. ನಮ್ಮ ಊರ ಬಿಸಿಲು ಗೊತ್ತಲ್ಲ.


ಕರಿಕೋಟು, ಕಲಬುರಗಿ

ಲೆಕ್ಕದ ಪುಸ್ತಕದವರು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಅದನ್ನ ಬಿಟ್ಟಿದ್ದೆ. ಸೀಸನ್ ಮಾತು ಬಂದೇ ಬರುತ್ತದೆ.

ಒಂದು ಸೇರಿಸುತ್ತೇನೆ. ರಾಜಿಯಲ್ಲಿ ಚೆಕ್ ಕೊಟ್ಟರೆ ತಗೊಳ್ಳಿ, ಆದರೆ ಕಾಗದದಲ್ಲಿ 'ಚೆಕ್ ನಂಬರ್ ಇಷ್ಟು, ಪಾಸಾದ ಮೇಲೆ' ಅಂತ ಬರೆಸಿ. 'ಮುಟ್ಟಿತು' ಅಂತ ಬರೆಯಬೇಡಿ. ಚೆಕ್ ಮೂರು ತಿಂಗಳೊಳಗೆ ಹಾಕಬೇಕು. ವಾಪಸ್ ಬಂದರೆ ಬ್ಯಾಂಕ್ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್, ನೋಟಿಸ್ ಮುಟ್ಟಿ 15 ದಿನ ಕಾಯಬೇಕು, ಆಮೇಲೆ ಒಂದು ತಿಂಗಳೊಳಗೆ ಕೋರ್ಟ್. ಇದರಲ್ಲಿ ಒಂದು ತಪ್ಪಿದರೂ ಚೆಕ್ ಕೇಸ್ ಸತ್ತ ಹಾಗೆ. ಆರ್ಡರ್ ಆಗಿಯೂ ಕೊಡದಿದ್ದರೆ ಭೂಕಂದಾಯ ಬಾಕಿ ವಸೂಲಿ ಮಾಡುವ ಹಾಗೆ ಜಿಲ್ಲಾಧಿಕಾರಿ ಮೂಲಕ ವಸೂಲಿ ಮಾಡಿಸಬಹುದು. ಮಿನಿ ವಿಧಾನಸೌಧಕ್ಕೆ ಹೋಗಿ ಆ ಫೈಲ್ ಹಿಂದೆ ಬೀಳುವುದು ಮಾತ್ರ ನಿಮ್ಮದೇ ಕೆಲಸ. ಅದು ತಾನಾಗಿ ನಡೆಯಲ್ಲ.


ಕಾಟಾ_ಚೀಟಿ
ಮಾರ್ಚ್ 24

ಎಲ್ಲರಿಗೂ ಮತ್ತೆ ನಮಸ್ಕಾರ. ಇಷ್ಟು ದಿನ ಬರೆಯಲಿಲ್ಲ, ತಾರೀಖು ಓಡಾಡುವುದರಲ್ಲೇ ಆಯಿತು.

ಪಿಎಫ್ ನನಗೆ ಕಡಿದಿರಲೇ ಇಲ್ಲ, ನನ್ನ ಹೆಸರೇ ಅದರಲ್ಲಿ ಇಲ್ಲ. ಅದಕ್ಕೆ ಪಿಎಫ್ ಆಫೀಸಿನಲ್ಲಿ ಬೇರೆ ಅರ್ಜಿ ಕೊಟ್ಟಿದ್ದೇನೆ.

ಪಗಾರದ ಅರ್ಜಿ ಫೆಬ್ರವರಿ 9ಕ್ಕೆ ಕೊಟ್ಟೆ, ಸೀಲು ಹಾಕಿಸಿಕೊಂಡೆ. ಅಡ್ವಾನ್ಸ್ 8,000 ನಾನೇ ಬರೆದೆ. ಮೊದಲ ತಾರೀಖಿಗೆ ಮುನೀಮರು ಮಾತ್ರ ಬಂದರು, 'ಇವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಆಗಾಗ ಬರುತ್ತಿದ್ದ' ಅಂದರು. ಏಳು ವರ್ಷ ಒಂದೇ ಕೆಟಲ್‌ನ ಚಹಾ ಕುಡಿದವರು. ನನ್ನ ಮುಖ ನೋಡದೆ, ಫೈಲ್ ನೋಡುತ್ತಾ ಹೇಳಿದರು. ನಾನು ಮಾತಾಡಲಿಲ್ಲ, ಫೋನ್ ತೆಗೆದು ಅವರದೇ ಮೆಸೇಜ್ ತೋರಿಸಿದೆ. ಅಧಿಕಾರಿಯವರು ಓದಿ 'ಇದು ನಿಮ್ಮ ನಂಬರೇನಾ?' ಅಂತ ಕೇಳಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಎರಡನೇ ತಾರೀಖಿಗೆ ಸಾಹುಕಾರರ ಮಗ ಬಂದ. ನಾಲ್ಕು ತಿಂಗಳು, ಜನವರಿಯ 12 ದಿನ, ಕಡಿದ 9,000, ಅದರಲ್ಲಿ ಅಡ್ವಾನ್ಸ್ ಕಳೆದು ಕೊಡುತ್ತೇವೆ ಅಂತ ಒಪ್ಪಿಕೊಂಡ. ಪರಿಹಾರ ಬಿಡಬೇಕು ಅಂದ. ನಾನು ಬಿಟ್ಟೆ. ಇಲ್ಲಿ ಕೆಲವರಿಗೆ ಬೇಸರ ಆಗಬಹುದು, ಆದರೆ ನನಗೆ ಮಗಳ ಶಾಲೆ ಫೀಸ್ ಇತ್ತು. ಎರಡು ಚೆಕ್. ಕರಿಕೋಟು ಸರ್ ಹೇಳಿದ ಹಾಗೆ 'ಪಾಸಾದ ಮೇಲೆ' ಅಂತ ಬರೆಸಿದೆ, ಆ ಹುಡುಗ ನಕ್ಕ. ಮೊದಲನೇದು ಪಾಸಾಗಿದೆ. ಎರಡನೇದು ಏಪ್ರಿಲ್ 10ರದ್ದು.

ಗ್ರಾಚ್ಯುಟಿಯನ್ನ ರಾಜಿಯಲ್ಲಿ ಸೇರಿಸಲಿಲ್ಲ, ಅದು ಬೇರೆ ಅಂತ ಕಾಗದದಲ್ಲೇ ಬರೆಸಿದೆ. 30 ದಿನ ಆಯಿತು, ಕೊಡಲಿಲ್ಲ, ಈಗ ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ ಇದೆ. ಲೆಕ್ಕದ ಪುಸ್ತಕ ಅಣ್ಣಾ, ನೀವು ಹೇಳಿದ ಹಾಗೆಯೇ ಆಯಿತು. 'ನಮ್ಮದು ಸೀಸನ್ ಮಿಲ್, ಇವನು ಡಿಸೆಂಬರ್‌ನಿಂದ ಮೇವರೆಗೆ ಮಾತ್ರ' ಅಂತ ಬರೆದುಕೊಟ್ಟಿದ್ದಾರೆ. ಬ್ಯಾಂಕಿನಲ್ಲಿ 2023ರಿಂದ ಮಳೆಗಾಲದ ತಿಂಗಳು ಸಿಗುತ್ತವೆ, ಅದಕ್ಕೂ ಹಿಂದೆ ಪೂರ್ತಿ ಲಕೋಟೆಯಲ್ಲೇ ಕೊಡುತ್ತಿದ್ದರು.

ಆದರೆ ಒಂದು ಸಿಕ್ಕಿದೆ. ನಮ್ಮ ಮಿಲ್‌ಗೆ ಬರುತ್ತಿದ್ದ ಒಬ್ಬ ಲಾರಿ ಡ್ರೈವರ್ ಇದ್ದಾನೆ, ಹಳೆ ಗೆಳೆಯ. ತೂಕದ ಚೀಟಿಯಲ್ಲಿ ಒಂದು ಪ್ರತಿ ಗಾಡಿಯವರಿಗೆ ಹೋಗುತ್ತದೆ. ಅವನು ಒಂದನ್ನೂ ಬಿಸಾಕಿಲ್ಲ, ಡ್ಯಾಶ್‌ಬೋರ್ಡ್ ಒಳಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಕಟ್ಟಿ ಇಟ್ಟಿದ್ದ, ಬೀಡಿ ವಾಸನೆ ಹೊಡೆಯುತ್ತಿತ್ತು. ನಿನ್ನೆ ರಾತ್ರಿ ಟಾರ್ಚ್ ಹಿಡಿದು ಇಬ್ಬರೂ ಕೂತು ಹುಡುಕಿದೆವು. 2020ರ ಜುಲೈದು ನಾಲ್ಕು, 2021ರ ಆಗಸ್ಟ್‌ದು ಆರು, 2022ರ ಸೆಪ್ಟೆಂಬರ್‌ದು ಮೂರು. ಎಲ್ಲಾ ನನ್ನ ಕೈಬರಹ, ಕೆಳಗೆ ನನ್ನ ಸಹಿ. 7 ಅಂಕಿಗೆ ನಾನು ಅಡ್ಡಗೆರೆ ಹಾಕುತ್ತೇನೆ, ಅದೂ ಇದೆ.

ತೊಂದರೆ ಏನಂದರೆ ಅವು ಕಾರ್ಬನ್ ಪ್ರತಿ, ನೀಲಿ ಬಣ್ಣ ಮಸುಕಾಗಿದೆ. ಝೆರಾಕ್ಸ್ ಅಂಗಡಿಯಲ್ಲಿ ಹಾಕಿದರೆ ಬಿಳಿ ಹಾಳೆ ಬರುತ್ತಿದೆ. ಮುಂದಿನ ತಾರೀಖು ಏಪ್ರಿಲ್ 2. ಮೊಬೈಲ್‌ನಲ್ಲಿ ಫೋಟೋ ಹೊಡೆದು ಪ್ರಿಂಟ್ ಕೊಟ್ಟರೆ ನಡೆಯುತ್ತಾ ಸರ್?


ಕರಿಕೋಟು, ಕಲಬುರಗಿ

ಹಗಲು ಬೆಳಕಿನಲ್ಲಿ ಫೋಟೋ ಹೊಡೆದು ಕಲರ್ ಪ್ರಿಂಟ್ ಕೊಡಿ. ಮೂಲ ಚೀಟಿಗಳನ್ನ ಜೊತೆಗೆ ಒಯ್ಯಿರಿ, ಅಧಿಕಾರಿಗೆ ತೋರಿಸಿ ವಾಪಸ್ ತಗೊಳ್ಳಿ, ಮಿಲ್‌ನವರ ಕೈಗೆ ಮಾತ್ರ ಕೊಡಬೇಡಿ. ಆ ಡ್ರೈವರ್ ಅವತ್ತು ಬರುತ್ತಾನಾ ಕೇಳಿ. 'ಇವನೇ ತೂಕ ಮಾಡುತ್ತಿದ್ದ' ಅಂತ ಎರಡು ಮಾತು ಹೇಳಿದರೆ ಚೀಟಿಗೆ ಬಾಯಿ ಬಂದ ಹಾಗೆ.


ಕಾಟಾ_ಚೀಟಿ

ಕೇಳಿದೆ ಸರ್. 1ನೇ ತಾರೀಖಿಗೆ ಸೋಲಾಪುರಕ್ಕೆ ಲೋಡ್ ಇದೆಯಂತೆ, ಇಳಿಸಿ ರಾತ್ರಿನೇ ಹೊರಟು ಬರುತ್ತೇನೆ ಅಂದಿದ್ದಾನೆ.


ಬಿಸಿಲೂರು_ಬಾಬು, ಯಾದಗಿರಿ

ಅವನ ಊಟದ ಖರ್ಚು ನನ್ನದು ಅಂತ ಹೇಳು ಅಣ್ಣಾ.